ಕೊನೆಗಾರನ ಮಗ

ಅಡಿಕೆ ಮರ ಹತ್ತಿ ಗೊನೆ ಇಳಿಸುವವನಿಗೆ ನಮ್ಮ ತೀರ್ಥಹಳ್ಳಿ ಕಡೆ ಕೊನೆಗಾರ ಅನ್ನುತ್ತಾರೆ. ಕಾಲಿಗೆ ತಳೆ ಹಾಕಿ, ಕೂರುವುದಕ್ಕೊಂದು ಸಣ್ಣ ಮಣೆ ಕಟ್ಟಿಕೊಂಡು ಐವತ್ತು ಅರವತ್ತು ಅಡಿ ಮೇಲೆ ಹೋದನೆಂದರೆ ಹೊತ್ತು ನೆತ್ತಿಗೆ ಬರುವವರೆಗೆ ಅವನು ನೆಲ ಮುಟ್ಟುವುದಿಲ್ಲ. ಒಂದು ಮರದ ಕೊನೆ ತೆಗೆದಾದ ಮೇಲೆ ದೋಟಿಯಿಂದ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ, ಅಲ್ಲಿಂದ ಮತ್ತೊಂದಕ್ಕೆ. ಕೆಳಗೆ ಒಬ್ಬ ಹಗ್ಗದ ತುದಿ ಹಿಡಿದು ನಿಂತಿರುತ್ತಾನೆ. ಮೇಲಿನವನು ಕೊಯ್ದ ಗೊನೆ ಆ ಹಗ್ಗದ ಮೇಲೆ ಜಾರಿ ಅವನ ಕೈಗೆ ಬರಬೇಕು. ನೆಲಕ್ಕೆ ಬಿದ್ದರೆ ಕಾಯಿ ಉದುರಿ ತೋಟವೆಲ್ಲ ಹರಡುತ್ತದೆ, ಹೆಕ್ಕುವುದಕ್ಕೆ ಅರ್ಧ ದಿನ ಬೇಕು. ಹಾಗಾಗಿ ಹಗ್ಗ ಹಿಡಿದವನು ಕಣ್ಣನ್ನು ಮೇಲಿನಿಂದ ಕೀಳುವಂತಿಲ್ಲ.

ನನ್ನ ಗೆಳೆಯ ಏಳನೇ ಕ್ಲಾಸಿನಿಂದ ಅವನ ಅಪ್ಪನಿಗೆ ಹಗ್ಗ ಹಿಡಿದವನು. ದಸರಾ ರಜೆ, ಶನಿವಾರದ ಮಧ್ಯಾಹ್ನ, ಭಾನುವಾರ ಎಲ್ಲವೂ ಹಗ್ಗದ ಬುಡದಲ್ಲೇ ಕಳೆದದ್ದು. ನಾನು ಅವನನ್ನು ಆಟಕ್ಕೆ ಕರೆಯಲು ಹೋದರೆ ಕತ್ತೆತ್ತಿಕೊಂಡೇ ಮಾತಾಡುತ್ತಿದ್ದ. ನನ್ನ ಮುಖ ನೋಡುತ್ತಿರಲಿಲ್ಲ. ಮಳೆಗಾಲದಲ್ಲಿ ಅವನಪ್ಪನಿಗೆ ಔಷಧಿ ಹೊಡೆಯುವ ಕೆಲಸ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರು 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಆ ಲೆಕ್ಕ ಇವತ್ತಿಗೂ ಹಾಗೇ ಇದೆ. ಜಾರುವ ಮರ, ಸುರಿಯುವ ಮಳೆ, ಬಿಡುವು ಕೊಟ್ಟ ಒಂದು ಗಂಟೆಯಲ್ಲಿ ಮರದ ತಲೆಗೆ ಹೋಗಿ ಹೊಡೆದು ಬರಬೇಕು. ಆಷಾಢ ಶ್ರಾವಣದಲ್ಲಿ ಆ ಮನುಷ್ಯನ ಅಂಗೈ, ಉಗುರು, ಮೊಣಕೈವರೆಗೆ ತಿಳಿನೀಲಿ ಬಣ್ಣ ಹಿಡಿದಿರುತ್ತಿತ್ತು. ಆ ಕೈಯಲ್ಲೇ ಅನ್ನ ಕಲಸಿಕೊಂಡು ಉಣ್ಣುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಇದನ್ನು ಇಷ್ಟು ಉದ್ದ ಹೇಳುತ್ತಿರುವುದಕ್ಕೆ ಕಾರಣವಿದೆ. ನನ್ನ ಗೆಳೆಯ ಮುಂದೆ ಏನಾದ ಅನ್ನುವುದನ್ನು ಊರಿನವರು ಒಂದೇ ಗಾದೆಯಲ್ಲಿ ಮುಗಿಸುತ್ತಾರೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಗಾದೆ ಕೇಳಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನು ಅಲ್ಪನಾಗಿರಲಿಲ್ಲ. ಅವನ ಜೊತೆ ಒಂದೇ ಚಾಪೆಯ ಮೇಲೆ ಮಲಗಿ ಓದಿದವನು ನಾನು, ನನಗೆ ಗೊತ್ತು.

1974ರಲ್ಲಿ ಇಬ್ಬರೂ ಶಿವಮೊಗ್ಗದಲ್ಲಿ ಓದುತ್ತಿದ್ದೆವು. ಆ ವರ್ಷ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಸರ್ಕಾರ ಉಳುವವನೇ ಒಡೆಯ ಅಂತ ಹೇಳಿತು, ಸರಿ. ಆದರೆ ಉಳುವವನು ಫಾರಂ ನಂಬರ್ 7 ತುಂಬಿ ಕೊಡಬೇಕಲ್ಲ? ನಮ್ಮ ಗೇಣಿದಾರರಲ್ಲಿ ಮುಕ್ಕಾಲು ಪಾಲು ಜನಕ್ಕೆ ಸಹಿ ಹಾಕಲು ಬರುತ್ತಿರಲಿಲ್ಲ. ಸರ್ವೆ ನಂಬರು ಗೊತ್ತಿರಲಿಲ್ಲ. ಗೇಣಿ ಕೊಟ್ಟದ್ದಕ್ಕೆ ಚೀಟಿ ಇರಲಿಲ್ಲ. ಒಡೆಯರಿಗೆ ಹೆದರಿ ಅರ್ಜಿ ಕೊಡುವುದಿಲ್ಲ ಅಂದವರೂ ಇದ್ದರು. ಇವನು ರಜೆಗೆ ಊರಿಗೆ ಬಂದವನು ಒಂದು ಟಾರ್ಚು, ಒಂದು ಪೆನ್ನು ಹಿಡಿದುಕೊಂಡು ಮನೆಮನೆಗೆ ಹೋದ. ಹಗಲು ಹೋದರೆ ಒಡೆಯರ ಕಣ್ಣಿಗೆ ಬೀಳುತ್ತದೆಂದು ರಾತ್ರಿ ಹೋಗುತ್ತಿದ್ದ. ಬುಡ್ಡಿ ದೀಪದ ಬೆಳಕಲ್ಲಿ ಪಹಣಿ ಓದಿ, ಚಕ್ಕುಬಂದಿ ಬರೆದು, ಹೆಬ್ಬೆಟ್ಟು ಒತ್ತಿಸಿ, ತಾನೇ ತೀರ್ಥಹಳ್ಳಿಗೆ ತಲುಪಿಸಿ ಬಂದ. ಎರಡು ರಾತ್ರಿ ನಾನೂ ಜೊತೆಗಿದ್ದೆ. ಮೂರನೇ ರಾತ್ರಿ ಮಳೆ ಅಂತ ನಾನು ಮನೆಯಲ್ಲೇ ಉಳಿದೆ. ಅವನು ಹೋದ. ಅವನ ಕೈಬರಹದ ಅರ್ಜಿಗಳ ಮೇಲೆ ಒಂದೇ ಒಡೆಯರ ಮನೆಯ ಒಂಬತ್ತು ಎಕರೆ ಗದ್ದೆ ಗೇಣಿದಾರರ ಹೆಸರಿಗೆ ಆಯಿತು.

ಒಂಬತ್ತು ವರ್ಷ ಕಳೆದ ಮೇಲೆ, 1983ರಲ್ಲಿ, ಅದೇ ಮನೆಗೆ ಅವನು ಅಳಿಯನಾಗಿ ಹೋದ.

ಒಡೆಯರಿಗೆ ಗಂಡು ಮಕ್ಕಳಿರಲಿಲ್ಲ, ಎರಡು ಹೆಣ್ಣು. ದೊಡ್ಡವಳನ್ನು ಸಾಗರದ ಕಡೆ ಕೊಟ್ಟಾಗಿತ್ತು. ಚಿಕ್ಕವಳಿಗೆ ಮನೆ ಅಳಿಯನನ್ನು ತರಬೇಕೆಂದಿದ್ದರು. ಗದ್ದೆ ಹೋದರೂ ಹದಿನಾಲ್ಕು ಎಕರೆ ಅಡಿಕೆ ತೋಟ ಉಳಿದಿತ್ತು. ನಮ್ಮದೇ ಜನ, ಓದಿದ ಹುಡುಗ, ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ, ಬಡವರ ಮನೆಯವನಾದ್ದರಿಂದ ಬಗ್ಗಿ ನಡೆಯುತ್ತಾನೆ. ಊರಿಗೆ ತಿಳಿದ ಲೆಕ್ಕ ಇಷ್ಟು. ಆದರೆ ಒಡೆಯರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವಿತ್ತು. ಮದುವೆ ಮಾತುಕತೆಯ ದಿನ ಅವರು ನಗುತ್ತಾ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. “ನಮ್ಮ ಮೇಲೆ ಅಷ್ಟು ಚೊಕ್ಕ ಬರೆದ ಹುಡುಗ, ನಮ್ಮ ಪರ ಬರೆಯಕ್ಕೆ ಕೂತರೆ ಹ್ಯಾಗಿರಬಹುದು!” ಗೆಳೆಯ ಅದನ್ನು ದೊಡ್ಡ ಮನಸ್ಸು ಅಂದುಕೊಂಡ. ಹಳೇ ದ್ವೇಷ ಮರೆತರಲ್ಲ ಮಾರಾಯ, ಅಂತ ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡ. ನನಗೂ ಹಾಗೇ ಅನಿಸಿತ್ತು.

ಮೊದಲ ವರ್ಷವೇ ಮೇಷ್ಟ್ರ ಕೆಲಸ ಬಿಡಿಸಿದರು. ಆ ಸಂಬಳ ನಮ್ಮ ತೋಟದ ಒಂದು ತಿಂಗಳ ಕೂಲಿಗೂ ಸಾಲದು, ಇಲ್ಲೇ ನೋಡಿಕೊಂಡಿರಲಿ ಅಂದರು. ರಾಜೀನಾಮೆ ಕೊಡುವ ಮುಂಚೆ ಅವನು ನನ್ನನ್ನು ಕೇಳಿದ್ದ, ನಾನು ಕೊಡು ಅಂದಿದ್ದೆ. ಹದಿನಾಲ್ಕು ಎಕರೆ ತೋಟದ ಯಜಮಾನಿಕೆ ಎದುರು ಮೇಷ್ಟ್ರ ಕೆಲಸ ಯಾವ ಲೆಕ್ಕ ಅಂತ ನಾನೂ ನಂಬಿದ್ದೆ. ಆ ಸಲಹೆ ಕೊಟ್ಟದ್ದಕ್ಕೆ ನಾನು ಇವತ್ತಿಗೂ ಮರುಗುತ್ತೇನೆ. ಯಾಕೆಂದರೆ ಅಂದಿನಿಂದ ಅವನ ಕೈಗೆ ತನ್ನದು ಅನ್ನುವ ಒಂದು ರೂಪಾಯಿ ಬರುವುದು ನಿಂತಿತು. ತೀರ್ಥಹಳ್ಳಿಗೆ ಹೋಗಬೇಕೆಂದರೆ ಬಸ್ ಚಾರ್ಜನ್ನು ಮಾವನ ಹತ್ತಿರ ಕೇಳಬೇಕು. ಅವರು ಕೊಡುವುದಿಲ್ಲ ಅನ್ನುತ್ತಿರಲಿಲ್ಲ. ಪೆಟ್ಟಿಗೆ ತೆಗೆದು, ಎಣಿಸಿ ಕೊಟ್ಟು, ಏನು ಕೆಲಸ ಅಂತ ಕೇಳುತ್ತಿದ್ದರು. ಅಪ್ಪನಿಗೆ ಹುಷಾರಿಲ್ಲ, ನೋಡಿಬರುತ್ತೇನೆ ಅನ್ನುವುದಕ್ಕೆ ಅವನಿಗೆ ಬಾಯಿ ಬರುತ್ತಿರಲಿಲ್ಲವಂತೆ. ಗೊಬ್ಬರದ ಅಂಗಡಿಗೆ ಹೋಗಬೇಕು ಅಂದು ಸುಳ್ಳು ಹೇಳಿ, ಗೊಬ್ಬರದ ಅಂಗಡಿಗೂ ಹೋಗಿ, ಆಮೇಲೆ ಅಪ್ಪನ ಮನೆಗೆ ಹೋಗುತ್ತಿದ್ದ. ಅವನ ಮೊದಲ ಸುಳ್ಳುಗಳು ಇವು. ಹೆತ್ತವರನ್ನು ನೋಡುವುದಕ್ಕಾಗಿ ಹೇಳಿದ ಸುಳ್ಳುಗಳು.

ಮಾವನವರು ಬಂದವರಿಗೆ ಅವನನ್ನು ಪರಿಚಯಿಸುತ್ತಿದ್ದದ್ದು ‘ನಮ್ಮ ಹುಡುಗ’ ಅಂತ. ತೋಟದ ಆಳುಗಳನ್ನೂ ಅವರು ನಮ್ಮ ಹುಡುಗರು ಅಂತಲೇ ಕರೆಯುತ್ತಿದ್ದರು. ಹೊಸದಾಗಿ ಬಂದ ಅಡಿಕೆ ವ್ಯಾಪಾರಿಯೊಬ್ಬ ಅವನನ್ನು ಆಳೆಂದೇ ತಿಳಿದು ಚೀಲ ಎತ್ತಿಕೊಡಲು ಹೇಳಿದ. ಇವನು ಎತ್ತಿಕೊಟ್ಟ. ಮಾವ ಅಲ್ಲೇ ಕೂತಿದ್ದರು, ಬೇಡ ಅನ್ನಲಿಲ್ಲ. ‘ಅಳಿಯ ಅಲ್ಲ, ಮಗಳ ಗಂಡ’ ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಎರಡೂ ಒಂದೇ ಅನ್ನುವುದಕ್ಕೆ ಹೇಳುವುದು. ಆ ಮನೆಯಲ್ಲಿ ಅವೆರಡೂ ಒಂದಾಗಿರಲಿಲ್ಲ. ಅವನು ಮಗಳ ಗಂಡನಾಗಿದ್ದ, ಅಳಿಯ ಆಗಿರಲಿಲ್ಲ.

ಅವನ ಹೆಸರಿನ ಮುಂದಿನ ಅಕ್ಷರ ಬದಲಾದದ್ದೂ ಆ ಕಾಲದಲ್ಲೇ. ನಮ್ಮ ಕಡೆ ಹೆಸರಿಗೆ ಊರಿನ ಹೆಸರು ಸೇರುತ್ತದೆ. ಅವನ ಅಪ್ಪನ ಊರಿನ ಅಕ್ಷರ ಹೋಗಿ ಮಾವನ ಊರಿನ ಅಕ್ಷರ ಬಂತು. ಸೊಸೈಟಿಯ ಷೇರು ಪುಸ್ತಕದಲ್ಲಿ, ಮತದಾರರ ಪಟ್ಟಿಯಲ್ಲಿ, ಲಗ್ನಪತ್ರಿಕೆಗಳಲ್ಲಿ ಎಲ್ಲಾ ಕಡೆ. ನನಗೆ ಬರೆದ ಕಾಗದದಲ್ಲೂ ಒಂದು ದಿನ ಹೊಸ ಅಕ್ಷರ ಕಂಡಿತು. ನಾನು ಆ ಕಾಗದವನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಎಷ್ಟೋ ವರ್ಷದ ಮೇಲೆ ಶಿವಮೊಗ್ಗದಲ್ಲಿ ಒಂದು ಚಿತ್ರಸಮಾಜದವರು ತೋರಿಸಿದ ‘ಬ್ಯಾರಿ ಲಿಂಡನ್’ ನೋಡಿದೆ. ಸ್ಟ್ಯಾನ್ಲಿ ಕುಬ್ರಿಕ್ 1975ರಲ್ಲಿ ತೆಗೆದದ್ದು. ಐರ್ಲೆಂಡಿನ ಏನೂ ಇಲ್ಲದ ಹುಡುಗ ಬ್ಯಾರಿ ಶ್ರೀಮಂತ ವಿಧವೆ ಲೇಡಿ ಲಿಂಡನ್‌ಳನ್ನು ಮದುವೆಯಾಗಿ, ಅವಳ ಮನೆತನದ ಹೆಸರನ್ನೇ ತನ್ನದಾಗಿಸಿಕೊಂಡು, ಅವಳ ಹಣವನ್ನೆಲ್ಲ ಪದವಿಗಾಗಿ ಚೆಲ್ಲಿ, ಅವಳ ಮೊದಲ ಗಂಡನ ಮಗನನ್ನು ಹೊಡೆದು ಬಡಿದು, ಕೊನೆಗೆ ಎಲ್ಲವನ್ನೂ ಕಳೆದುಕೊಳ್ಳುವ ಕತೆ. ಮೂರು ಗಂಟೆಯ ಸಿನಿಮಾ. ಎಷ್ಟೋ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆದಿದ್ದಾರೆ. ಆ ಬೆಳಕು ನೋಡುತ್ತಾ ನನಗೆ ಬುಡ್ಡಿ ದೀಪದಲ್ಲಿ ಫಾರಂ 7 ತುಂಬುತ್ತಿದ್ದವನ ಮುಖ ನೆನಪಾಗಿ ಆಮೇಲೆ ಸರಿಯಾಗಿ ಕೂರಲು ಆಗಲಿಲ್ಲ.

ಕತೆಯ ಮೂಲ ಹುಡುಕಿಕೊಂಡು ಹೋದೆ. ಥ್ಯಾಕರೆ 1844ರಲ್ಲಿ ಬರೆದ ಕಾದಂಬರಿ ಅದು. ಅವನಿಗೆ ಎಳೆ ಸಿಕ್ಕಿದ್ದು ನಿಜವಾಗಿ ಬದುಕಿದ್ದ ಒಬ್ಬ ಮನುಷ್ಯನಿಂದ. ಹೆಸರು ಆಂಡ್ರ್ಯೂ ರಾಬಿನ್ಸನ್ ಸ್ಟೋನಿ. 1777ರಲ್ಲಿ ಸ್ಟ್ರ್ಯಾತ್‌ಮೋರ್‌ನ ಕೌಂಟೆಸ್ ಮೇರಿ ಎಲಿನಾರ್ ಬೋಸ್ ಅನ್ನುವವಳನ್ನು ಮದುವೆಯಾದ. ಅವಳಪ್ಪ ಕಲ್ಲಿದ್ದಲಿನಿಂದ ದೊಡ್ಡ ದುಡ್ಡು ಮಾಡಿದವನು. ಅವಳನ್ನು ಮದುವೆಯಾದವನು ತನ್ನ ಹೆಸರು ಬಿಟ್ಟು ಬೋಸ್ ಅಂತ ಇಟ್ಟುಕೊಳ್ಳಬೇಕೆಂದು ಉಯಿಲಿನಲ್ಲೇ ಬರೆಸಿ ಸತ್ತಿದ್ದ. ಸ್ಟೋನಿ ಹಾಗೇ ಮಾಡಿದ. ಮದುವೆಗೆ ಮುಂಚೆ ಅವಳ ಮಾನಕ್ಕಾಗಿ ದ್ವಂದ್ವಯುದ್ಧ ಮಾಡಿ ಸಾಯುತ್ತಿದ್ದೇನೆ ಅಂತ ನಟಿಸಿ ಅವಳ ಮನಸ್ಸು ಕರಗಿಸಿದವನು ಅವನು. ಮದುವೆಯಾದ ಮೇಲೆ ಅವಳನ್ನು ಹೊಡೆದ, ಕೂಡಿ ಹಾಕಿದ, ಅವಳು ಬಿಟ್ಟು ಹೋದಾಗ 1786ರಲ್ಲಿ ಹಗಲಲ್ಲೇ ಅಪಹರಿಸಿದ. ಕೊನೆಗೆ ಸೆರೆಯಾಳಾಗಿ ವರ್ಷಗಟ್ಟಲೆ ಕಳೆದು 1810ರಲ್ಲಿ ಸತ್ತ.

ಓದಿ ಮುಗಿಸಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು. ಸ್ಟೋನಿ ನನ್ನ ಗೆಳೆಯನಂತಲ್ಲ. ಅವನು ಬರುವಾಗಲೇ ಕೆಟ್ಟು ಬಂದವನು. ಮೊದಲೇ ಕೊಳೆತ ಅಡಿಕೆ ಮಳೆಯಿಂದ ಕೆಟ್ಟಿತು ಅನ್ನುವುದಕ್ಕಾಗುವುದಿಲ್ಲ. ನನ್ನನ್ನು ಕಾಡುವುದು ಒಳ್ಳೆಯವನಾಗಿ ಆ ಮನೆಯ ಹೊಸ್ತಿಲು ದಾಟಿದವನು. ಅವನು ಹೇಗೆ ಕೆಟ್ಟ ಅನ್ನುವುದನ್ನು ನಾನು ಮೂವತ್ತು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆಸೆಯಿಂದ ಕೆಟ್ಟ ಅನ್ನುತ್ತಾರೆ. ನನ್ನ ಕಣ್ಣಿಗೆ ಕಂಡದ್ದು ಹೆದರಿಕೆ. ಅದು ತನ್ನದಲ್ಲ ಅಂತ ಅವನಿಗೆ ಪ್ರತಿ ನಿಮಿಷ ಗೊತ್ತಿತ್ತು. ತನ್ನದಲ್ಲದ್ದನ್ನು ಕಾಯುವವನು ತನ್ನದನ್ನು ಕಾಯುವವನಿಗಿಂತ ಕಠಿಣನಾಗುತ್ತಾನೆ.

ಡಬ್ಬದ ವಿಷಯ ಹೇಳುತ್ತೇನೆ.

ಸುಗ್ಗಿಯಲ್ಲಿ ಒಡೆಯರ ಮನೆಯ ಅಂಗಳದಲ್ಲಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿಯುವುದು ನಡೆಯುತ್ತದೆ. ಸುತ್ತಲಿನ ಹತ್ತಾರು ಮನೆಯ ಹೆಂಗಸರು ಮೆಟ್ಟುಗತ್ತಿ ಹಿಡಿದುಕೊಂಡು ಬಂದು ಸಾಲಾಗಿ ಕೂರುತ್ತಾರೆ. ಆಗ ಗ್ಯಾಸ್ ಲೈಟು, ಈಗ ಕರೆಂಟು. ಮಾತು, ನಗು, ಯಾರದೋ ಮಗುವಿನ ಅಳು, ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಸುಲಿದದ್ದನ್ನು ಸೀಮೆಎಣ್ಣೆ ಡಬ್ಬದಲ್ಲಿ ಅಳೆದು, ಡಬ್ಬಕ್ಕೆ ಇಷ್ಟು ಅಂತ ಕೂಲಿ. ಅವನ ತಾಯಿ ಅದೇ ಅಂಗಳದಲ್ಲಿ ಇಪ್ಪತ್ತು ವರ್ಷ ಸುಲಿದವಳು. ಬಲಗೈ ಹೆಬ್ಬೆರಳಿನ ಕೆಳಗೆ ಕತ್ತಿ ತಾಗಿದ ಗಾಯದ ಮೇಲೆ ಗಾಯವಾಗಿ ಚರ್ಮ ಗಟ್ಟಿಯಾಗಿತ್ತು.

ಮಾವ ಅಳೆಯುವಾಗ ಡಬ್ಬ ತಲೆ ಸಮ ಆದರೆ ಸಾಕು, ಬರೆದುಕೋ ಅನ್ನುತ್ತಿದ್ದರು. ಒಂದು ಹಿಡಿ ಕಡಿಮೆ ಇದ್ದರೂ ಬಿಡುತ್ತಿದ್ದರು. ಅವರು ಒಳ್ಳೆಯವರು ಅಂತ ಹೇಳುತ್ತಿಲ್ಲ, ಗೇಣಿ ವಸೂಲಿಯಲ್ಲಿ ಅವರ ಕಾಲದ ಜನ ಪಟ್ಟ ಪಾಡು ನನಗೆ ಗೊತ್ತಿದೆ. ಆದರೆ ಒಂದು ಹಿಡಿ ಅಡಿಕೆ ಬಿಟ್ಟದ್ದಕ್ಕೆ ಅವರನ್ನು ಯಾರೂ ಲೆಕ್ಕ ಕೇಳುವಂತಿರಲಿಲ್ಲ. ಅಳೆಯುವ ಕೆಲಸ ಇವನಿಗೆ ಬಂದ ಮೇಲೆ ರಾತ್ರಿಯ ಲೆಕ್ಕಕ್ಕೂ ಬೆಳಗಿನ ರಾಶಿಗೂ ತಾಳೆಯಾಗಬೇಕಿತ್ತು. ಕಡಿಮೆ ಬಂದರೆ ಮಾವ ಏನೂ ಅನ್ನದೆ ಸುಮ್ಮನೆ ಪುಸ್ತಕ ಮುಚ್ಚುತ್ತಿದ್ದರಂತೆ. ಆ ಮೌನಕ್ಕೆ ಅವನು ನಡುಗುತ್ತಿದ್ದ. ಮೊದಲು ಡಬ್ಬವನ್ನು ಕುಲುಕಿ ಅಳೆಯಲು ಶುರು ಮಾಡಿದ. ಆಮೇಲೆ ತಲೆ ಏರಿಸಿ. ಮೂರನೇ ವರ್ಷ ಡಬ್ಬದ ತಳವನ್ನು ಒಳಗಿನಿಂದ ಬಡಿದು ಉಬ್ಬಿಸಿದ. ಅವನ ತಾಯಿಯ ಜೊತೆಯವಳು, ವಯಸ್ಸಾದ ಹೆಂಗಸು, ಅವತ್ತು ಅಂಗಳದಲ್ಲಿ ಎಲ್ಲರ ಎದುರು ಅಂದಳು, “ಡಬ್ಬಕ್ಕೂ ಹೊಟ್ಟೆ ಬಂತಲ್ಲ ಮಗಾ.”

ಮಗಾ ಅಂದಿದ್ದಳು. ಚಿಕ್ಕಂದಿನಲ್ಲಿ ಅವನನ್ನು ಎತ್ತಿ ಆಡಿಸಿದವಳು. ಮರುದಿನದಿಂದ ಅವಳಿಗೆ ಕೆಲಸವಿಲ್ಲ ಅಂತ ಹೇಳಿಕಳಿಸಿದ. ಹೇಳಿ ಬಂದದ್ದು ಬೇರೆ ಆಳು, ಅವನೇ ಹೋಗಲಿಲ್ಲ. ನಾನು ಕೇಳಿದೆ, ಯಾಕೆ ಹೀಗೆ ಮಾಡಿದೆ? “ನಿಂಗೆ ಗೊತ್ತಾಗಲ್ಲ ಮಾರಾಯ. ನಾನು ಸಸಾರ ಬಿಟ್ಟರೆ, ಅವನ ಜಾತಕವೇ ಅಷ್ಟು, ತನ್ನವರ ಕಡೆ ವಾಲ್ತಾನೆ ಅಂತಾರೆ,” ಅಂದ. ನನ್ನ ಮುಖ ನೋಡಲಿಲ್ಲ. ಈ ಸಲ ಕಣ್ಣು ನೆಲದ ಮೇಲಿತ್ತು.

ಅವನ ಹೆಂಡತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಕತೆಗಳಲ್ಲಿ ಹೆಂಡತಿ ಸಿರಿವಂತೆ, ಗಂಡ ಬಡವ ಅಂದಕೂಡಲೇ ಅವಳೇ ಅವನನ್ನು ಆಟವಾಡಿಸಿದಳು ಅಂತ ಜನ ಊಹಿಸಿಕೊಳ್ಳುತ್ತಾರೆ. ಆ ಹೆಣ್ಣುಮಗಳು ಮದುವೆಗೆ ಮುಂಚೆಯೇ ಅವನನ್ನು ಇಷ್ಟಪಟ್ಟಿದ್ದಳು. ಅವನು ಶಾಲೆಯ ಮಕ್ಕಳಿಗೆ ಪಾಠ ಹೇಳುವ ದನಿ ಕೇಳಲೆಂದೇ ನದಿಗೆ ಹೋಗುವಾಗ ಶಾಲೆಯ ಹಿಂದಿನ ದಾರಿ ಹಿಡಿಯುತ್ತಿದ್ದಳಂತೆ. ಒಮ್ಮೆ ನಾನು ಅವರ ಮನೆಯಲ್ಲಿ ಊಟಕ್ಕೆ ಕೂತಾಗ, ಅವನು ಹೊರಗೆ ಆಳಿನ ಮೇಲೆ ಕೂಗಾಡುವುದು ಕೇಳಿಸುತ್ತಿತ್ತು. ಬಡಿಸುತ್ತಿದ್ದವರು ಸೌಟು ಹಿಡಿದು ನಿಂತರು. “ಅಣ್ಣ, ನಾನು ಮೇಷ್ಟ್ರನ್ನ ಮದುವೆ ಆಗಿದ್ದೆ,” ಅಂದರು. ಅಷ್ಟೇ. ಮಜ್ಜಿಗೆ ಬಡಿಸಿ ಒಳಗೆ ಹೋದರು.

1991ರ ಸುಮಾರಿಗೆ ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆ ಅರ್ಜಿ ಕರೆದರು. ಸರ್ಕಾರಿ ಜಾಗದಲ್ಲಿ ಉಳುಮೆ ಮಾಡಿಕೊಂಡಿದ್ದ ಬಡವರಿಗಾಗಿ ತಂದದ್ದು. ಹದಿನಾಲ್ಕು ಎಕರೆ ತೋಟದವರಿಗೆ ಅದರಲ್ಲಿ ಪಾಲಿಲ್ಲ. ತೋಟದ ಮೇಲ್ಗಡೆ ಮೂರು ಎಕರೆ ಗುಡ್ಡ ಇತ್ತು. ಇವನು ಅದಕ್ಕೆ ಬೇಲಿ ಹಾಕಿಸಿ, ಅರ್ಜಿ ತುಂಬಿಕೊಂಡು, ತುಂಬ ದಿನದ ಮೇಲೆ ಅಪ್ಪನ ಮನೆಗೆ ಹೋದ. ಅರ್ಜಿದಾರ ಅಂತ ಬರೆದಿದ್ದದ್ದು ಅಪ್ಪನ ಹೆಸರು. ಆವತ್ತು ನಾನೂ ಅಲ್ಲಿದ್ದೆ. ಆಷಾಢ. ಮುದುಕ ಔಷಧಿ ಹೊಡೆಯುವುದನ್ನು ಬಿಟ್ಟು ಒಂದೆರಡು ವರ್ಷವಾಗಿತ್ತು. ಆದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿದಿತ್ತು. ಇವನು ಶಾಯಿ ಪ್ಯಾಡು ತೆಗೆದು ಅಪ್ಪನ ಕೈ ಹಿಡಿದುಕೊಂಡ. 1974ರಲ್ಲಿ ಎಷ್ಟೋ ಜನರ ಕೈಯನ್ನು ಹೀಗೇ ಹಿಡಿದಿದ್ದನಲ್ಲ, ಅದೇ ನಾಜೂಕು, ಹೆಬ್ಬೆರಳನ್ನು ಸ್ವಲ್ಪ ಓರೆ ಮಾಡಿ.

ಮುದುಕ ಕೇಳಿದ, “ಆ ಗುಡ್ಡದಲ್ಲಿ ನಾಕು ಮನೆ ದನ ಮೇಯ್ತಾವೆ. ಅವರ ಹೆಸರೂ ಬರ್ದಿದೀಯಾ?”

ಇಲ್ಲ ಅಪ್ಪಾ, ಅದು ಹಾಗಲ್ಲ, ಅಂತ ಇವನು ವಿವರಿಸಲು ಹೋದ. ಮುದುಕ ಕೈ ಬಿಡಿಸಿಕೊಂಡು, ಎದ್ದು, ಹಟ್ಟಿಯ ಕಡೆ ಹೋದ. ಬೈಯಲಿಲ್ಲ. ಇವನು ಪ್ಯಾಡಿನ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಕೂತ. ಆಮೇಲೆ ಏನಾಯಿತೆಂದು ನಾನು ಕೇಳಲಿಲ್ಲ. ಗುಡ್ಡ ಮಂಜೂರಾಯಿತು. ಅರ್ಜಿಯ ಮೇಲೆ ಒತ್ತಿದ ಹೆಬ್ಬೆಟ್ಟು ಯಾರದು ಅನ್ನುವುದು ಅವನಿಗೆ ಗೊತ್ತು. ಅಪ್ಪ ಮಾತ್ರ ಆಮೇಲೆ ಬದುಕಿದ್ದ ನಾಲ್ಕು ವರ್ಷದಲ್ಲಿ ಮಗನ ಮನೆಯ ನೀರು ಮುಟ್ಟಲಿಲ್ಲ.

ಇನ್ನು ನನ್ನ ಪಾಲಿನದು ಹೇಳಬೇಕು.

1996ರಲ್ಲಿ ಮಾವ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಗಂಡು ಮಕ್ಕಳಿಲ್ಲದ ಮನೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಮೂವರಿಗೂ ಸಮಪಾಲು. ಅತ್ತೆಯ ಪಾಲು ಹೇಗೂ ಮನೆಯಲ್ಲೇ ಇತ್ತು. ಸಾಗರದ ಕಡೆ ಕೊಟ್ಟಿದ್ದ ಅಕ್ಕ ಅಷ್ಟರಲ್ಲಿ ಗಂಡನನ್ನು ಕಳೆದುಕೊಂಡು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು, ಬಾಡಿಗೆ ಮನೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರಿ ಬದುಕುತ್ತಿದ್ದರು. ಅದು ಅಡಿಕೆಗೆ ಬೆಲೆ ಏರುತ್ತಿದ್ದ ಕಾಲ. ಮೂರರಲ್ಲಿ ಒಂದು ಪಾಲು ಅಂದರೆ ನಾಲ್ಕೂವರೆ ಎಕರೆಗೂ ಮೇಲೆ.

ಮರುವರ್ಷ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಗೆಳೆಯ ನನ್ನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದ. ಒಂದು ಸಾಕ್ಷಿ ಸಹಿ ಬೇಕಿತ್ತು, ನೀನು ಮೇಷ್ಟ್ರು, ನಿನ್ನ ಸಹಿಗೆ ಬೆಲೆ, ಅಂದ. ಹೋದೆ. ಅಕ್ಕ ಬಂದು ಬೆಂಚಿನ ಮೇಲೆ ಕೂತಿದ್ದರು, ನೆನೆದ ಕೊಡೆ ಪಕ್ಕದಲ್ಲಿಟ್ಟುಕೊಂಡು. ಖಾತೆ ಬದಲಾವಣೆಗೆ ಎಲ್ಲರೂ ಸಹಿ ಹಾಕಬೇಕಂತೆ, ಅಂತ ಅವರಿಗೆ ಹೇಳಿದ್ದ. ನನ್ನ ಕೈಗೆ ಬಂದದ್ದು ಹಕ್ಕು ಬಿಡುಗಡೆ ಪತ್ರ. ನಾನು ಓದಿದೆ. ಅಕ್ಷರ ಅಕ್ಷರ ಓದಿದೆ. ತಂದೆಯ ಆಸ್ತಿಯಲ್ಲಿ ತನಗಿರುವ ಎಲ್ಲ ಹಕ್ಕನ್ನೂ ಸ್ವಸಂತೋಷದಿಂದ ತಂಗಿಗೆ ಬಿಟ್ಟುಕೊಟ್ಟಿರುವುದಾಗಿಯೂ, ಅರಿಶಿನ ಕುಂಕುಮದ ಬಾಬ್ತು ಇಪ್ಪತ್ತೈದು ಸಾವಿರ ರೂಪಾಯಿ ಪಡೆದಿರುವುದಾಗಿಯೂ ಬರೆದಿತ್ತು. ಪತ್ರ ಬರೆಯುವವರು ಎಲ್ಲ ಹೆಣ್ಣುಮಕ್ಕಳಿಗೂ ಬರೆಯುವ ಮಾತು ಅದು. ಬರಿಹಣೆಯಲ್ಲಿ ಕೂತಿದ್ದ ಆ ಹೆಂಗಸನ್ನು ಒಮ್ಮೆ ನೋಡಿದೆ. ಗೆಳೆಯನನ್ನು ನೋಡಿದೆ. ಅವನ ಮುಖದಲ್ಲಿದ್ದದ್ದು ಅಪ್ಪಟ ಹೆದರಿಕೆ, ಈಗ ಇವನು ಬಾಯಿ ಬಿಟ್ಟರೆ ಎಲ್ಲ ಹೋಯಿತು ಅನ್ನುವ ಹೆದರಿಕೆ. ನಾನು ಬಾಯಿ ಬಿಡಲಿಲ್ಲ. ನನ್ನ ಮಗಳ ಕಾಲೇಜಿನ ಫೀಸಿಗೆ ಹಿಂದಿನ ತಿಂಗಳು ಅವನ ಹತ್ತಿರ ಐದು ಸಾವಿರ ಸಾಲ ತಂದಿದ್ದೆ. ಸಹಿ ಹಾಕಿ ಪೆನ್ನು ವಾಪಸ್ಸು ಕೊಟ್ಟೆ.

ಆಮೇಲಿನದು ಎಲ್ಲರಿಗೂ ತಿಳಿದದ್ದು. ಮನೆಯ ಮುಂದೆ ಕಾರು ಬಂತು. ಸೊಸೈಟಿಗೆ ನಿರ್ದೇಶಕನಾದ. ಜನ ಒಡೇರೆ ಅಂತ ಕರೆದರು. ಇಸವಿ 2000 ದಾಟಿದ ಮೇಲೆ ಅಡಿಕೆ ಬೆಲೆ ಬಿತ್ತು, ಮತ್ತೆ ಎದ್ದಿತು, ಅವನಿಗೆ ಏನೂ ಆಗಲಿಲ್ಲ. ಹೆಂಡತಿ ಮಾತು ಕಡಿಮೆ ಮಾಡುತ್ತಾ ಮಾಡುತ್ತಾ ಕೊನೆಗೆ ಅಗತ್ಯಕ್ಕೆ ಮಾತ್ರ ಮಾತಾಡುವವರಾದರು. ಮಗ ಬೆಂಗಳೂರು ಸೇರಿ ತೋಟ ಬೇಡ ಅಂದ. ಕೊನೆಗಾರರು ಸಿಗುವುದು ಕಷ್ಟವಾಗಿ ಈಗ ಅಲ್ಲೂ ನೆಲದ ಮೇಲೆ ನಿಂತೇ ಉದ್ದನೆಯ ಫೈಬರ್ ದೋಟಿಯಲ್ಲಿ ಕೊನೆ ತೆಗೆಯುತ್ತಾರೆ. ಕೆಳಗೆ ಹಗ್ಗ ಹಿಡಿಯುವವರು ಬೇಕಾಗಿಲ್ಲ. ನಾನು ಆ ಮನೆಗೆ ಹೋಗುವುದನ್ನು ಬಿಟ್ಟೆ. ಐದು ಸಾವಿರ ತೀರಿಸಿದ ಮೇಲೆ ಬಿಟ್ಟೆ, ಮೊದಲಲ್ಲ.

‘ಬ್ಯಾರಿ ಲಿಂಡನ್’ ನೋಡಿದ ರಾತ್ರಿ ನನಗೆ ನಿದ್ದೆ ಬರದಿದ್ದದ್ದು ಅದರ ಕೊನೆಯ ದ್ವಂದ್ವಯುದ್ಧದಿಂದ. ಥ್ಯಾಕರೆಯ ಪುಸ್ತಕದಲ್ಲಿ ಅದು ಇಲ್ಲ, ಕುಬ್ರಿಕ್ ಸೇರಿಸಿದ್ದು. ಬೆಳೆದು ನಿಂತ ಮಲಮಗ ಬ್ಯಾರಿಯ ಎದುರು ಪಿಸ್ತೂಲು ಹಿಡಿದಿದ್ದಾನೆ. ಮೊದಲ ಸರದಿ ಹುಡುಗನದು, ಕೈ ನಡುಗಿ ಗುಂಡು ವ್ಯರ್ಥವಾಗಿ ಹಾರುತ್ತದೆ. ಈಗ ಬ್ಯಾರಿಯ ಸರದಿ. ಇಷ್ಟು ಹೊತ್ತು ನಾವು ನೋಡಿದ ಬ್ಯಾರಿ ಕೊಲ್ಲಬೇಕು. ಅವನು ಪಿಸ್ತೂಲನ್ನು ನೆಲಕ್ಕೆ ತಿರುಗಿಸಿ ಹಾರಿಸುತ್ತಾನೆ. ಅದಕ್ಕೆ ಅವನಿಗೆ ಸಿಗುವುದು ಕಾಲಿಗೆ ಗುಂಡು, ಮೊಣಕಾಲ ಕೆಳಗೆ ಕತ್ತರಿಸಿದ ಕಾಲು. ಯಾವಾಗಲೋ ಸತ್ತುಹೋಗಿದ್ದಾನೆ ಅಂದುಕೊಂಡಿದ್ದ ಒಬ್ಬ ಮನುಷ್ಯ ಒಂದು ಕ್ಷಣ ಎದ್ದು ನಿಂತ ಹಾಗಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಸಾಗರಕ್ಕೆ ಒಂದು ಮದುವೆಗೆ ಹೋದವನು ಧೈರ್ಯ ಮಾಡಿ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಎಪ್ಪತ್ತು ದಾಟಿದ್ದಾರೆ. ಮಕ್ಕಳು ದುಡಿಯುತ್ತಾರೆ, ಸ್ವಂತ ಮನೆಯಾಗಿದೆ. ಆದರೂ ಹಪ್ಪಳ ಬಿಟ್ಟಿಲ್ಲ. ತಾರಸಿಯ ಮೇಲೆ ಹಳೇ ಪಂಚೆ ಹಾಸಿ ಹಲಸಿನ ಹಪ್ಪಳ ಹರವಿದ್ದರು. ನಾನು ನಿಂತೇ ಹೇಳಿದೆ. ಆವತ್ತು ಸಹಿ ಹಾಕುವ ಮುಂಚೆ ಆ ಪತ್ರ ಓದಿದ್ದೆ ಅಕ್ಕ, ಓದಿ ಸುಮ್ಮನಿದ್ದೆ, ಅಂತ.

ಅವರು ಹಪ್ಪಳದ ಅಂಚು ನೇರ ಮಾಡುತ್ತಲೇ ಅಂದರು, “ನಾನೂ ಓದಿದ್ದೆ ಮೇಷ್ಟ್ರೆ. ನಂಗೂ ಓದಕ್ಕೆ ಬರುತ್ತೆ.”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

“ತಂಗಿ ಆ ಮನೇಲೇ ಬಾಳಬೇಕಿತ್ತಲ್ಲ. ನಾನು ಕೋರ್ಟಿಗೆ ಹೋದರೆ ಅವಳು ಯಾವ ಕಡೆ ನಿಲ್ಲಬೇಕು?” ಅಂದರು. ಆಮೇಲೆ, ನನ್ನನ್ನು ನೆರಳಿಗೆ ಕೂರಿಸಿ ನೀರು ಕೊಟ್ಟು, ತಾವಾಗಿಯೇ ಹೇಳಿದರು. ಹಿಂದಿನ ವರ್ಷ ಮೇ ತಿಂಗಳಲ್ಲಿ ಅವನು ಬಂದಿದ್ದನಂತೆ. ಕಾರಿನಲ್ಲಲ್ಲ, ಬಸ್ಸಿನಲ್ಲಿ. ಬಾಗಿಲಲ್ಲಿ ನಿಂತವನನ್ನು ಬನ್ನಿ ಅಂದರಂತೆ. ಹೀಗೇ ತಾರಸಿಗೆ ಬಂದು ಕೂತ. ಏನಾದರೂ ಹೇಳುತ್ತಾನೆ ಅಂತ ಇವರು ಕಾದರು. ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಅಂಗಿಯ ತೋಳು ಮಡಚಿ ಹಪ್ಪಳ ಮಗುಚಿ ಹಾಕಲು ಶುರು ಮಾಡಿದ. ಒಂದೊಂದನ್ನೇ, ಒಡೆಯದ ಹಾಗೆ, ಅಡಿಕೆ ಒಣಗಿಸುವವರು ಕೈಯಾಡಿಸುವ ಹಾಗೆ. ನಾಲ್ಕು ಗಂಟೆಗೆ ಪಡುವಣದಲ್ಲಿ ಮೋಡ ಕಟ್ಟಿ ಗುಡುಗಿತು. ಇವರು ಕೆಳಗಿದ್ದರು, ಮೊಣಕಾಲು ನೋವಿಗೆ ಬೇಗ ಹತ್ತಲಾಗಲಿಲ್ಲ. ಹತ್ತಿ ಬರುವಷ್ಟರಲ್ಲಿ ಅವನು ಅಷ್ಟೂ ಹಪ್ಪಳವನ್ನು ಪಂಚೆಯ ಸಮೇತ ಒಳಗೆ ತಂದು, ಹೊಸದಾಗಿ ಹರವಿ, ತಾನು ತೊಯ್ದುಕೊಂಡು ಬಾಗಿಲ ಹೊರಗೆ ನಿಂತಿದ್ದನಂತೆ. ಒಳಗೆ ಬನ್ನಿ ಅಂದರೆ ಬರಲಿಲ್ಲ.

“ಒಂದೂ ಒಡೆದಿರಲಿಲ್ಲ,” ಅಂದರು ಅಕ್ಕ.